ಕೆಳಗಿನ ಪಟ್ಟಿಕೆಯ ಆಳು



ವೀರಗಲ್ಲಿನ ಎದುರು ನಿಂತಾಗ ನಮ್ಮ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. ತುದಿಯಲ್ಲಿ ಸೂರ್ಯ, ಚಂದ್ರ. ಅವುಗಳ ಕೆಳಗೆ ಲಿಂಗ, ನಂದಿ, ಪೂಜೆಗೆ ಕೂತ ಯತಿ, ಕೈಮುಗಿದ ವೀರ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನ ಎರಡು ತೋಳನ್ನೂ ಹಿಡಿದು ಮೇಲಕ್ಕೊಯ್ಯುತ್ತಿದ್ದಾರೆ. ಕಾಳಗ ಇರುವುದು ತಳದಲ್ಲಿ. ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದ ಮೇಷ್ಟರೂ ಅಪ್ಸರೆಯರನ್ನು ತೋರಿಸಿ, ಸ್ವರ್ಗದ ಕಥೆ ಹೇಳಿ, ಬಸ್ಸಿನ ಹೊತ್ತಾಯಿತೆಂದು ಹೊರಡುತ್ತಾರೆ. ಕೆತ್ತಿದವನು ಮಾತ್ರ ಕಥೆಯನ್ನು ಕೆಳಗಿನಿಂದ ಶುರುಮಾಡಿದ್ದಾನೆ. ಈ ಉಪನ್ಯಾಸದಲ್ಲಿ ನಾನು ಆ ಕೆಳಗಿನ ಪಟ್ಟಿಕೆಯನ್ನು ಬಿಟ್ಟು ಮೇಲೆ ಹೋಗುವುದಿಲ್ಲ. ಅಲ್ಲಿ ನಿಂತವನು ದುಡಿದು ತಿನ್ನುವ ಮನುಷ್ಯ. ಮೈಯ ಕಸುವೇ ಅವನ ಬಂಡವಾಳ, ಎದುರಾಳಿಯನ್ನು ಮುಂದೆ ಬಿಡದೆ ನಿಲ್ಲುವುದೇ ಕೆಲಸ. ಅದಕ್ಕೆ ಪ್ರತಿಫಲವಿತ್ತು, ಅವನು ಬಿದ್ದರೆ ಮನೆಗೆ ಪರಿಹಾರವೂ ಇತ್ತು. ವೀರ ಎಂದು ಹಾಡಿ ಹೊಗಳುವ ಭರದಲ್ಲಿ ನಾವು ಅವನ ಸಂಬಳದ ಲೆಕ್ಕವನ್ನೇ ಮರೆತುಬಿಟ್ಟೆವು ಎನ್ನುವುದು ನನ್ನ ತಕರಾರು.

ಈ ಮಾತಾಡಲು ಶಿಕಾರಿಪುರ, ಸೊರಬ ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ಸಿಗಲಾರದು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳಿವೆ, ಅದು ಅಚ್ಚಾದದ್ದು 1902ರಲ್ಲಿ. ಸೊರಬದವು 8ನೇ ಸಂಪುಟದಲ್ಲಿ, 1904ರಲ್ಲಿ. ಶಿಕಾರಿಪುರದ ಶಾಸನಗಳೇ ಮುನ್ನೂರನ್ನು ದಾಟುತ್ತವೆ, ಸೊರಬದವು ಐನೂರನ್ನು. ತಾಳಗುಂದದ ಕಂಬ, ಮಳವಳ್ಳಿಯ ಕಂಬ, ಬಳ್ಳಿಗಾವೆಯ ಕೋಡಿಯಮಠ ಎಂದು ದೊಡ್ಡ ಹೆಸರುಗಳನ್ನು ಎಲ್ಲರೂ ಹೇಳುತ್ತಾರೆ. ಆ ಸಂಪುಟಗಳ ಪುಟ ತಿರುವುತ್ತಾ ಹೋದರೆ ಸಾಲು ಸಾಲಾಗಿ ಸಿಗುವುದು ಬೇರೆಯೇ ಜನ: ಇಂಥವನ ಮಗ ಇಂಥವನು, ಇಂಥ ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ತಡೆದು, ಬಿಡಿಸಿ, ಸತ್ತ. ನಾಲ್ಕು ಸಾಲಲ್ಲಿ ಒಂದು ಬದುಕು ಮುಗಿಯುತ್ತದೆ. ಪಂಡಿತರಿಗೆ ಇವು ಬಹಳ ಕಾಲ ಕಾಲಗಣನೆಯ ಸಲಕರಣೆ ಮಾತ್ರವಾಗಿದ್ದವು. ಯಾವ ರಾಜ ಯಾವ ವರ್ಷ ಆಳಿದ ಎಂದು ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಆಮೇಲೆ ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಬಂದ ಮೇಲೆ ಸತ್ತವನ ಕಡೆಗೂ ಗಮನ ಹೋಯಿತು.

ಇಲ್ಲೇ ಯಾಕೆ ಇಷ್ಟು ಕಲ್ಲು? ಬನವಾಸಿ ಹನ್ನೆರಡು ಸಾಸಿರವೆಂಬ ನಾಡಿನ ಹೊಟ್ಟೆಭಾಗವಿದು. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಅದರ ಆಡಳಿತ ನಡೆದದ್ದು ಬಳ್ಳಿಗಾವೆಯಿಂದ. ಬಂದಳಿಕೆ ನಾಗರಖಂಡ ಎಪ್ಪತ್ತಕ್ಕೆ ರಾಜಧಾನಿ, ಸೊರಬದ ಉದ್ರಿ ಜಿಡ್ಡುಳಿಗೆ ಎಪ್ಪತ್ತಕ್ಕೆ. ಅತ್ತ ಹಾನುಗಲ್ಲು ಐನೂರು, ಇತ್ತ ಸಾಂತಳಿಗೆ ಸಾಸಿರ. ಒಂದು ನಾಡಿನ ಗಡಿ ಮುಗಿದಲ್ಲಿ ಇನ್ನೊಂದರದ್ದು ಶುರು. 12ನೇ ಶತಮಾನದ ನಡುವಿನಿಂದ ನೂರು ವರ್ಷ ಈ ನೆಲದ ಮೇಲೆ ಚಾಳುಕ್ಯರು, ಕಳಚುರಿಗಳು, ಹೊಯ್ಸಳರು, ಸೇವುಣರು ಒಬ್ಬರ ಹಿಂದೆ ಒಬ್ಬರು ಹಕ್ಕು ಹೂಡಿದರು. ವರದಾ, ದಂಡಾವತಿ, ಕುಮುದ್ವತಿಗಳ ಬಯಲಿನಲ್ಲಿ ಭತ್ತ ಬೆಳೆಯುತ್ತಿತ್ತು, ಸುತ್ತಲಿನ ಕಾನುಗಳ ಅಂಚಿನಲ್ಲಿ ದನ ಮೇಯುತ್ತಿದ್ದವು. ಇಂಥ ಕಡೆ ರಾಜನ ಯುದ್ಧ ಬಂದರೂ ಬರದಿದ್ದರೂ ಪಕ್ಕದ ನಾಡಿನವರ ಕಣ್ಣು ಇಲ್ಲಿನ ಕೊಟ್ಟಿಗೆಯ ಮೇಲೆ ಇದ್ದೇ ಇರುತ್ತದೆ.

ಶಾಸನಗಳು ಆ ಕಾಳಗಗಳಿಗೆ ಖಚಿತವಾದ ಹೆಸರಿಟ್ಟಿವೆ. ದನ ಹೊಡೆದರೆ ತುರುಗೋಳ್. ಊರಿಗೇ ಬೆಂಕಿ ಬಿದ್ದರೆ ಊರಳಿವು. ಹೆಂಗಸರ ಮಾನಕ್ಕೆ ಕೈ ಹಾಕಿ ಕೂಗೆದ್ದರೆ ಪೆಣ್ಬುಯ್ಯಲ್. ಕೆಲವು ಕಲ್ಲುಗಳಲ್ಲಿ ಮನುಷ್ಯ ಹಂದಿಯ ಎದುರು, ಹುಲಿಯ ಎದುರು ನಿಂತಿದ್ದಾನೆ. ತುರುಗೋಳಿನ ಕಲ್ಲಾದರೆ ಕೆಳಗಿನ ಪಟ್ಟಿಕೆಯ ಒಂದು ಬದಿಯಲ್ಲಿ ದನಗಳನ್ನು ಒತ್ತೊತ್ತಾಗಿ ಕೆತ್ತಿರುತ್ತಾರೆ, ಇನ್ನೊಂದು ಬದಿಯಲ್ಲಿ ಬಿಲ್ಲುಗಾರರು, ನಡುವೆ ನಮ್ಮವನು. ಅವನ ಆಕಾರ ಉಳಿದವರಿಗಿಂತ ದೊಡ್ಡದು. ಕೆಲಸದ ಭಾರಕ್ಕೆ ತಕ್ಕ ಅಳತೆ ಅದು ಎಂದು ನನ್ನ ಅನಿಸಿಕೆ. ಎದುರಾಳಿಗೆ ಸಾಮಾನ್ಯವಾಗಿ ಹೆಸರೇ ಇರುವುದಿಲ್ಲ, ‘ಕಳ್ಳರು’ ಎಂದರೆ ಮುಗಿಯಿತು. ಆ ಕಳ್ಳರ ಊರಿನಲ್ಲೂ ಒಂದು ಕಲ್ಲು ನಿಂತಿರುವ ಸಾಧ್ಯತೆ ಚೆನ್ನಾಗಿಯೇ ಇದೆ, ಅದರಲ್ಲಿ ನಮ್ಮವರೇ ಕಳ್ಳರು.

ಇನ್ನು ಕೂಲಿಯ ವಿಷಯ. ಒಡೆಯನ ಅನ್ನ ತಿಂದ ಋಣಕ್ಕೆ ಹೋರಾಡುವವನ ನಿಷ್ಠೆಯನ್ನು ಜೋಳವಾಳಿ ಎಂದರು. ಒಡೆಯ ಸತ್ತ ಹೊತ್ತಿಗೆ ತಾನೂ ಸಾಯುತ್ತೇನೆಂದು ಭಾಷೆ ಕೊಟ್ಟವನದು ವೇಳೆವಾಳಿ. ಇವೆರಡೂ ಭಾವನೆಯ ಮಾತಿನಂತೆ ಕೇಳುತ್ತವೆ, ಆದರೆ ಎರಡರ ಅಡಿಯಲ್ಲೂ ಒಂದು ಕರಾರಿದೆ. ಆ ಕರಾರಿನ ಇನ್ನೊಂದು ಮಗ್ಗುಲು ದಾನದ ಪದಗಳಲ್ಲಿ ಸಿಗುತ್ತದೆ: ಗೆದ್ದವನ ಕತ್ತಿ ತೊಳೆದು ಕೊಡುವ ಭೂಮಿ ಬಾಳ್ಗಳ್ಚು, ಕಲ್ಲಿನ ಜೊತೆ ಕೊಡುವುದು ಕಲ್ನಾಡು, ಬಿದ್ದವನ ಮನೆಯವರಿಗೆ ಸಲ್ಲುವುದು ನೆತ್ತರುಗೊಡಗೆ. ಕೆರೆ ಕಟ್ಟಿಸಿದವನಿಗೆ ಕೆರೆಗೊಡಗೆ ಸಿಗುತ್ತಿತ್ತು, ನೋಡಿಕೊಳ್ಳುವವನಿಗೂ. ಅದೇ ದಫ್ತರದಲ್ಲಿ ನೆತ್ತರಿಗೂ ಒಂದು ಕಲಂ. ಭೂಮಿಯೇ ಆಗಬೇಕೆಂದೇನೂ ಇರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರು ಶಾಸನ 949–50ರದ್ದು; ತಕ್ಕೋಲದ ಯುದ್ಧದಲ್ಲಿ ಗಂಗ ದೊರೆ ಬೂತುಗನ ಪರವಾಗಿ ಕಾದಿದ ಮಣಲೆರ, ಏನು ಬೇಕು ಕೇಳು ಎಂದಾಗ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿಕೊಂಡ. ಆ ನಾಯಿ ಆಮೇಲೆ ಹಂದಿಯ ಜೊತೆ ಕಾದಿ ಸತ್ತಿತು, ಅದಕ್ಕೂ ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಗದ್ದೆ ಬಿಟ್ಟರು.

ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು, ಹೇಗೂ ಅಳಿಯುವ ಮೈಗೆ ಸಾವಿನ ಚಿಂತೆ ಯಾಕೆ ಎಂಬ ಅರ್ಥದ ಸಂಸ್ಕೃತ ಶ್ಲೋಕವೊಂದನ್ನು ಎಷ್ಟೋ ವೀರಗಲ್ಲುಗಳ ಮೇಲೆ ಕೆತ್ತಿದ್ದಾರೆ. ಬರೆಸಿದವರು ಬದುಕಿದ್ದವರು ಎನ್ನುವುದನ್ನು ಮರೆಯಬಾರದು. ನನಗೆ ಆ ಶ್ಲೋಕ ಸೈನ್ಯಕ್ಕೆ ಆಳು ಸೇರಿಸುವ ಜಾಹೀರಾತಿನಂತೆಯೇ ಕಾಣುತ್ತದೆ.

ಈ ಕಸುಬಿನ ಅತಿರೇಕವೂ ನಮ್ಮಲ್ಲೇ ಇದೆ. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಭೇರುಂಡೇಶ್ವರ ಕಂಬವನ್ನು ನೀವೆಲ್ಲ ನೋಡಿದ್ದೀರಿ. 11ನೇ ಶತಮಾನದಲ್ಲಿ ತುಳುವ ಚಂಡಿಗನೆಂಬ ಒಬ್ಬ ಆಳು ತಾನು ಆಡಿದ ಭಾಷೆಗೆ ಕಟ್ಟುಬಿದ್ದು ಬೆರಳು ಕತ್ತರಿಸಿಕೊಂಡ, ಆ ಕಂಬವನ್ನು ಹತ್ತಿದ, ಕೆಳಗೆ ನೆಟ್ಟಿದ್ದ ಆಯುಧಗಳ ಮೊನೆಯ ಮೇಲೆ ಧುಮುಕಿ ಸತ್ತ. ಶಾಸನ ಇದನ್ನು ಮೆಚ್ಚಿಕೊಂಡೇ ಹೇಳುತ್ತದೆ. ಎದುರಾಳಿಯೇ ಇಲ್ಲದ ಈ ಸಾವನ್ನು ಮೆಚ್ಚಲು ನನಗೆ ಆಗುವುದಿಲ್ಲ. ಆಡಿದ ಮಾತಿಗೆ ತಪ್ಪದವನೆಂಬ ಹೆಸರೇ ಆಳಿನ ಮಾರುಕಟ್ಟೆ ಬೆಲೆಯಾಗಿದ್ದ ಕಾಲದಲ್ಲಿ ಅದು ಎಲ್ಲಿಯವರೆಗೆ ಹೋಗುತ್ತಿತ್ತು ಎನ್ನುವುದಕ್ಕೆ ಅವನು ಸಾಕ್ಷಿ.

ಈ ಆಳುಗಳ ಬಗ್ಗೆ ನಮಗೆ ಸಿಗುವುದು ಕೊನೆಯ ದಿನ ಮಾತ್ರ. ಎಷ್ಟು ಎತ್ತರ ಇದ್ದ, ಏನು ತಿನ್ನುತ್ತಿದ್ದ, ಎಲ್ಲಿ ಪಳಗಿದ, ಯಾಕೆ ಈ ಕೆಲಸ ಹಿಡಿದ ಎಂಬುದೆಲ್ಲ ಕಲ್ಲಿನ ಆಚೆಗೆ ಉಳಿಯಿತು. ಆ ಬಿಟ್ಟ ಜಾಗ ಹೇಗಿರುತ್ತದೆಂದು ತಿಳಿಯಲು ನಾನು ಬಹಳ ದೂರದ, ಬಹಳ ಈಚಿನ ಇನ್ನೊಬ್ಬ ಆಳಿನ ಬದುಕನ್ನು ಇಲ್ಲಿ ಹೇಳಬೇಕು. ಸ್ವಲ್ಪ ಸೈರಿಸಿಕೊಳ್ಳಿ.

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಹನ್ನೊಂದು ಜನರ ತಂಡ, ಅದರಲ್ಲಿ ಏಳು ಮಂದಿ ಗೆರೆಯ ಮೇಲೆ ಬಗ್ಗಿ ನಿಲ್ಲುತ್ತಾರೆ. ಇವರನ್ನು ಲೈನ್‌ಮನ್ ಎನ್ನುವುದು ವಾಡಿಕೆ, ಕರೆಂಟಿನವರಲ್ಲ. ಸಾಲಿನ ನಡುವಿನ ಐವರು ಸಾಮಾನ್ಯವಾಗಿ ಚೆಂಡು ಮುಟ್ಟುವುದೇ ಅಪರೂಪ. ಎದುರಿನ ಸಾಲನ್ನು ಮೈಯಿಂದ ತಳ್ಳಿ, ಹಿಂದೆ ಚೆಂಡು ಹಿಡಿದವನಿಗೆ ದಾರಿ ಬಿಡಿಸಬೇಕು. ಚೆಂಡು ಎದುರಾಳಿಗೆ ಹೋದಾಗ ಅದೇ ಜನ ಅದೇ ಗೆರೆಯಲ್ಲಿ ನಿಂತು ತಡೆಯಬೇಕು. 1940ರ ದಶಕದಲ್ಲಿ ಎರಡೂ ಕೆಲಸವನ್ನು ಒಬ್ಬನೇ ಮಾಡುತ್ತಿದ್ದ. ಓಡಿದವನು ಎಷ್ಟು ಗಜ ಓಡಿದ ಎಂದು ಪೇಪರಿನಲ್ಲಿ ಬರುತ್ತಿತ್ತು. ದಾರಿ ಬಿಡಿಸಿದವನ ಲೆಕ್ಕ ಇಡಲು ಅಂಕಣವೇ ಇರಲಿಲ್ಲ.

ಆಲ್ ಬ್ಲೋಜಿಸ್ ಅಂಥವನು. ಹುಟ್ಟಿದ್ದು 1919ರಲ್ಲಿ, ನ್ಯೂಜೆರ್ಸಿಯಲ್ಲಿ, ಲಿಥುವೇನಿಯಾದಿಂದ ಬಂದ ಮನೆತನದಲ್ಲಿ. 6 ಅಡಿ 6 ಅಂಗುಲ ಎತ್ತರ, 250 ಪೌಂಡ್ ತೂಕ, ಅಂದರೆ ನಮ್ಮ ಲೆಕ್ಕದಲ್ಲಿ 113 ಕಿಲೊ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಗುಂಡು ಎಸೆತದಲ್ಲಿ ದೇಶಕ್ಕೇ ಹೆಸರಾದ. 1942ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಸಂಬಳದ ಆಟಗಾರನಾಗಿ ಸೇರಿ, ಸಾಲಿನಲ್ಲಿ ಟ್ಯಾಕಲ್ ಜಾಗದಲ್ಲಿ ನಿಂತ. ಆಗ ಮಹಾಯುದ್ಧ ನಡೆಯುತ್ತಿತ್ತು. ಆಟಗಾರರು ಸೈನ್ಯಕ್ಕೆ ಹೋಗಿ ತಂಡಗಳು ಎಷ್ಟು ಬರಿದಾದವೆಂದರೆ 1943ರಲ್ಲಿ ಫಿಲಡೆಲ್ಫಿಯಾ ಮತ್ತು ಪಿಟ್ಸ್‌ಬರ್ಗ್ ತಂಡಗಳು ಒಂದಾಗಿ ಆಡಬೇಕಾಯಿತು. ಜನ ಎರಡೂ ಹೆಸರು ಕಲಸಿ ‘ಸ್ಟೀಗಲ್ಸ್’ ಎಂದರು. ಅದರಲ್ಲಿ ಒಂದು ಕಣ್ಣು ಕಾಣದವನಿದ್ದ, ಕಿವಿ ಕೇಳದವನಿದ್ದ, ಹೊಟ್ಟೆಹುಣ್ಣಿನವನಿದ್ದ. ಸೈನ್ಯ ಬೇಡವೆಂದವರನ್ನು ಸಾಲು ಬೇಕೆಂದಿತು. ಹಗಲು ಯುದ್ಧಸಾಮಗ್ರಿಯ ಕಾರ್ಖಾನೆಯಲ್ಲಿ ದುಡಿದು ಸಂಜೆ ತಾಲೀಮು ಮಾಡುತ್ತಿದ್ದರು. ಆದರೂ ಆ ವರ್ಷ ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು: ಐದು ಗೆಲುವು, ನಾಲ್ಕು ಸೋಲು, ಒಂದು ಸಮ.

ಬ್ಲೋಜಿಸ್‌ನ ತೊಡಕು ತಿರುಗುಮುರುಗು. ಸೈನ್ಯದ ಅಳತೆಗೆ ಅವನ ಮೈ ಹೆಚ್ಚಾಯಿತು. ಮೊದಲು ಬೇಡವೆಂದರು, ಆಮೇಲೆ ಸೇರಿಸಿಕೊಂಡರೂ ವ್ಯಾಯಾಮ ಕಲಿಸುವ ಕೆಲಸಕ್ಕೆ ಹಾಕಿದರು. ಅವನು ಬೆನ್ನುಬಿಡದೆ ವಿನಾಯಿತಿ ಕೇಳಿ ಪಡೆದು ಪದಾತಿ ದಳದ ಅಧಿಕಾರಿಯಾದ. ತರಬೇತಿಯಲ್ಲಿ ಕೈಬಾಂಬನ್ನು ತೊಂಬತ್ತು ಗಜಕ್ಕೂ ಆಚೆ ಎಸೆದ. 1944ರ ಡಿಸೆಂಬರ್ 17ರಂದು, ರಜೆಯ ಮೇಲೆ ಬಂದು, ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಜೈಂಟ್ಸ್ ಪರ ಆಡಿದ. ಗ್ರೀನ್ ಬೇ ಪ್ಯಾಕರ್ಸ್ 14–7ರಿಂದ ಗೆದ್ದರು. ಆರು ವಾರ ಕಳೆಯಿತು. 1945ರ ಜನವರಿ 31ರಂದು ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಅವನ ತುಕಡಿಯ ಇಬ್ಬರು ಗಸ್ತಿಗೆ ಹೋದವರು ಹಿಂದಿರುಗಲಿಲ್ಲ. ಅವರನ್ನು ಹುಡುಕಿಕೊಂಡು ಹಿಮದಲ್ಲಿ ಒಬ್ಬನೇ ಹೋದ. ಅವನೂ ಬರಲಿಲ್ಲ. ವಯಸ್ಸು 26. ಲೊರೇನ್‌ನಲ್ಲಿರುವ ಅಮೆರಿಕನ್ ಸೈನಿಕರ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಜೈಂಟ್ಸ್ ತಂಡ ಅವನು ತೊಡುತ್ತಿದ್ದ 32ನೇ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ತೀರ್ಮಾನಿಸಿತು.

ನಮ್ಮ ಊರಿನವರಾಗಿದ್ದರೆ ಆ ಹೋದ ಇಬ್ಬರನ್ನು ತುರುಗೋಳಿನ ದನಗಳ ಜಾಗದಲ್ಲಿ ಕೆತ್ತುತ್ತಿದ್ದರು. ಒಂದು ವ್ಯತ್ಯಾಸ ಮಾತ್ರ ಗಮನಕ್ಕೆ ಬರುತ್ತದೆ. ಬ್ಲೋಜಿಸ್ ಸಾಲಿನಲ್ಲಿ ಸಂಬಳಕ್ಕೆ ನಿಂತ, ಯುದ್ಧಕ್ಕೆ ಹಟ ಹಿಡಿದು ಹೋದ; ಎರಡನ್ನೂ ಬೇರೆ ಬೇರೆಯಾಗಿ ಅಳೆಯುವಷ್ಟು ದಾಖಲೆ ನಮ್ಮ ಮುಂದಿದೆ. ನಾಗರಖಂಡದ ಆಳಿನಲ್ಲಿ ಸಂಬಳವೂ ಹಟವೂ ಒಂದೇ ಸಾಲಿನ ಅಕ್ಷರದಲ್ಲಿ ಬೆರೆತುಹೋಗಿವೆ. ಹಾಗೆಂದು ಅವನಿಗೆ ಹಟವೇ ಇರಲಿಲ್ಲ ಎನ್ನಲಾಗದು, ಸಂಬಳ ಇರಲಿಲ್ಲವೆಂದಂತೂ ಹೇಳಲೇಬಾರದು.

ಅದೇ ಯುದ್ಧದ ವರ್ಷಗಳಲ್ಲಿ ಶಿಕಾರಿಪುರ ತಾಲ್ಲೂಕಿನಲ್ಲಿ ಏನು ನಡೆಯುತ್ತಿತ್ತೆಂದು ನಿಮಗೆ ಹೇಳಿಕೊಡಬೇಕಿಲ್ಲ. 1942ರ ಸೆಪ್ಟೆಂಬರ್‌ನಲ್ಲಿ ಈಸೂರು ತನ್ನದೇ ಸರ್ಕಾರ ಸಾರಿಕೊಂಡಿತು, ಅಮಲ್ದಾರ ಮತ್ತು ಸಬ್‌ಇನ್ಸ್‌ಪೆಕ್ಟರ್ ಸತ್ತರು, ಊರು ಬೆಂಕಿ ಕಂಡಿತು. 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಜೈಲಿನಲ್ಲಿ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರು ಶಂಕರಪ್ಪ ಗಲ್ಲಿಗೇರಿದರು. ಇವರು ಯಾರ ಅನ್ನದ ಋಣಕ್ಕೂ ನಿಂತವರಲ್ಲ, ಹಾಗಾಗಿ ಇವರನ್ನು ನನ್ನ ಇಂದಿನ ವಿಷಯದೊಳಗೆ ಎಳೆದು ತರುವುದಿಲ್ಲ. ಎಲ್ಲ ಸಾವನ್ನೂ ವೀರಮರಣವೆಂಬ ಒಂದೇ ಮಾತಿನಲ್ಲಿ ಹಾಕಿ ಕಟ್ಟುವ ನಮ್ಮ ಭಾಷಣದ ಚಾಳಿಯಿಂದ ಈಸೂರಿಗೂ ಅನ್ಯಾಯ, ಕೂಲಿಯ ಆಳಿಗೂ ಅನ್ಯಾಯ.

ಈಗಿನ ಕಾಲದಲ್ಲಿ ಸಾಲಿನಲ್ಲಿ ನಿಲ್ಲುವ ಮೈಯನ್ನು ನೋಡಬೇಕೆಂದರೆ ದೀಪಾವಳಿ ಕಳೆದ ಮೇಲೆ ನಮ್ಮ ಹೋರಿ ಹಬ್ಬಕ್ಕೆ ಹೋಗಬೇಕು. ಅಖಾಡದ ಎರಡೂ ಕಡೆ ಜನ, ನಡುವಿನ ದಾರಿಯಲ್ಲಿ ಹೋರಿ ಹಿಡಿಯುವ ಹುಡುಗರು. ಹೋರಿಗೆ ಬಣ್ಣದ ಜೂಲು, ಬಲೂನು, ಕೊರಳಲ್ಲಿ ಕೊಬ್ಬರಿ ಹಾರ. ಮೈಕಿನವನು ಹೋರಿಯ ಹೆಸರನ್ನು ಬಿರುದು ಸಹಿತ ಕೂಗುತ್ತಾನೆ, ಬ್ಯಾನರಿನಲ್ಲೂ ಹೋರಿಯದೇ ಚಿತ್ರ. ಅಡ್ಡ ನಿಂತು ಕೊಬ್ಬರಿ ಹರಿದವನಿಗೆ ಆ ಕೊಬ್ಬರಿ, ಹೆಚ್ಚೆಂದರೆ ಒಂದು ಬಹುಮಾನ. ತಿವಿಸಿಕೊಂಡವನ ಹೆಸರು ಮರುದಿನದ ಪೇಪರಿನಲ್ಲಿ ಬರುವುದುಂಟು. ಹತ್ತು ಶತಮಾನದ ಹಿಂದೆ ದನದ ಮುಂದೆ ನಿಂತವನ ಹೆಸರನ್ನು ಕೆತ್ತಿ ದನವನ್ನು ಹೆಸರಿಲ್ಲದೆ ಬಿಟ್ಟಿದ್ದರು. ನಾವು ಅದನ್ನು ತಿರುಗಿಸಿದ್ದೇವೆ. ಹಬ್ಬ ಬೇಡವೆನ್ನುವವನು ನಾನಲ್ಲ. ಹಿಡಿಯುವ ಹುಡುಗರಿಗೊಂದು ವಿಮೆ, ಹತ್ತಿರದಲ್ಲೊಂದು ಆಂಬುಲೆನ್ಸ್ ಇರಲಿ ಎಂದರೆ ಅದು ನೆತ್ತರುಗೊಡಗೆಯ ಹಳೆಯ ಕಲಮಿನೊಳಗಿನ ಬೇಡಿಕೆಯೇ.

ಆಳು ಸತ್ತ ಮೇಲೆ ಮನೆಯಲ್ಲಿ ಏನಾಯಿತು? ಸಾಮಾನ್ಯ ಆಳಿನ ಹೆಂಡತಿಯ ಹೆಸರು ಕಲ್ಲಿಗೆ ಬರುವುದು ಹೆಚ್ಚಾಗಿ ಅವಳೂ ಅವನ ಹಿಂದೆ ಹೋದಾಗ, ಬಳೆ ತೊಟ್ಟ ಕೈಯೊಂದನ್ನು ಮೇಲೆತ್ತಿ ಕೆತ್ತಿದ ಮಾಸ್ತಿಕಲ್ಲಿನ ಮೇಲೆ. ಬದುಕಿ ಉಳಿದು, ಗದ್ದೆ ಮಾಡಿಸಿ, ಮಕ್ಕಳನ್ನು ಸಾಕಿದವಳಿಗೆ ಕಲ್ಲಿಲ್ಲ. ಇದಕ್ಕೆ ಹೊರತಾದ ಒಬ್ಬಳು ನಮ್ಮ ಬಂದಳಿಕೆಯಲ್ಲಿದ್ದಾಳೆ. ರಾಷ್ಟ್ರಕೂಟರ ಕಾಲ, 10ನೇ ಶತಮಾನದ ಆರಂಭ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಪದವಿ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಚೆನ್ನಾಗಿ ಆಳಿದಳೆಂದು ಶಾಸನ ಹೊಗಳುತ್ತದೆ, ಹೆಣ್ಣಾಗಿಯೂ ಎಂಬ ಉಪಕಾರದ ಮಾತನ್ನು ಸೇರಿಸುವುದನ್ನು ಮಾತ್ರ ಮರೆತಿಲ್ಲ. ಮೈಗೆ ರೋಗ ಬಂದಾಗ ಮಗಳನ್ನು ಕರೆಸಿ ಅಧಿಕಾರ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ದೊಡ್ಡ ಮನೆಯ ಕಥೆ ಇದು, ನಿಜ. ಗಂಡಸು ಬಿದ್ದ ಮನೆ ಅಲ್ಲಿಗೇ ಮುಗಿಯಲಿಲ್ಲ, ಭೂಮಿಯೂ ಹೊಣೆಯೂ ಹೆಂಗಸಿನ ಕೈಯಲ್ಲಿ ನಡೆದವು, ತಾಯಿಯಿಂದ ಮಗಳಿಗೂ ಹೋದವು ಎನ್ನಲು ನಮ್ಮಲ್ಲಿರುವ ಗಟ್ಟಿ ದಾಖಲೆ ಇದೇ. ನೆತ್ತರುಗೊಡಗೆಯ ಗದ್ದೆಗಳನ್ನು ಉತ್ತವರು ಯಾರೆಂದು ಕೇಳುವವರು ಇಲ್ಲಿಂದ ಶುರುಮಾಡಬಹುದು.

ಕೊನೆಯದಾಗಿ ಒಂದು ಕೆಲಸದ ಮಾತು. ವೀರಗಲ್ಲುಗಳಲ್ಲಿ ಮೊದಲು ಮಣ್ಣಿಗೆ ಹೋಗುವುದು ಕೆಳಗಿನ ಪಟ್ಟಿಕೆ. ಕೆರೆಯ ಏರಿಗೆ ಮಣ್ಣು ಏರಿಸಿದಾಗ, ರಸ್ತೆ ಎತ್ತರಿಸಿದಾಗ, ಗದ್ದೆಯ ಬದು ಕಟ್ಟಿದಾಗ ತಳದ ಒಂದಡಿ, ಎರಡಡಿ ಹೂತುಹೋಗುತ್ತದೆ. ಈಚೆಗೆ ಊರಿನವರೇ ಭಕ್ತಿಯಿಂದ ಕಲ್ಲುಗಳನ್ನು ತಂದು ದೇವಸ್ಥಾನದ ಎದುರು ಸಾಲಾಗಿ ನೆಟ್ಟು, ಕಟ್ಟೆ ಕಟ್ಟಿ, ಸಿಮೆಂಟು ಹಾಕುತ್ತಿದ್ದಾರೆ. ಕಾಳಗ, ದನ, ಬಿಲ್ಲುಗಾರರು, ಅದರ ಮೇಲಿನ ಒಂದು ಸಾಲು ಬರಹ, ಎಲ್ಲವೂ ಸಿಮೆಂಟಿನ ಒಳಗೆ. ಅಪ್ಸರೆಯರು ಮಾತ್ರ ಹೊರಗೆ. ಮೇಲೆ ಬಣ್ಣ ಬಳಿದರೆ ಉಳಿದ ಅಕ್ಷರವೂ ಹೋಯಿತು. ನಿಮ್ಮ ಊರಿನಲ್ಲಿ ಅಂಥ ಕೆಲಸ ಶುರುವಾಗುವ ಮುನ್ನ ಕಲ್ಲನ್ನು ಪೂರ್ತಿ ಹೊರತೆಗೆಸಿ, ನೀರಿನಿಂದ ತೊಳೆಸಿ, ಬೆಳಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬೀಳುವಾಗ ತಳದವರೆಗೂ ಫೋಟೊ ತೆಗೆಯಿರಿ. ಪುರಾತತ್ವ ಇಲಾಖೆಗೆ ಒಂದು ಪತ್ರ ಹಾಕಿ. ಎಷ್ಟೋ ಕಲ್ಲುಗಳ ತಳದಲ್ಲಿ ಏನೂ ಕೆತ್ತದ ಒಂದಿಷ್ಟು ಕಲ್ಲು ಇರುತ್ತದೆ, ನೆಲದಲ್ಲಿ ಹೂಳಲೆಂದೇ ಕೆತ್ತಿದವನು ಬಿಟ್ಟದ್ದು. ಸಿಮೆಂಟು ಅಲ್ಲಿಯವರೆಗೆ ಸಾಕು.